ಫ್ಲೈಓವರ್ ಹತ್ತೋಕೆ ಆಗ್ತಿರ್ಲಿಲ್ಲ: ಒಂದು ಪ್ಯಾನಿಕ್ ಪ್ರಕರಣ, ಮೊದಲ ಸೆಷನ್ನಿಂದ ಕೊನೇವರೆಗೆ

ಥೆರಪಿಗೆ ಮೊದಲ ಸಲ ಬರೋರು ಫೋನಲ್ಲಿ ಕೇಳೋದು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಅಲ್ಲಿ ಏನ್ ಮಾಡ್ತೀರಾ, ಬರೀ ಮಾತಾಡಿದ್ರೆ ಹೇಗ್ ಸರಿಹೋಗತ್ತೆ, ಎಷ್ಟು ಸಲ ಬರ್ಬೇಕು, ಮನೆಯವ್ರಿಗೆ ಹೇಳ್ಬಿಡ್ತೀರಾ, ಮಾತ್ರೆ ಕೊಡ್ತೀರಾ ಅಂತ. ಒಂದೊಂದಕ್ಕೂ ಎರಡು ಸಾಲು ಉತ್ತರ ಕೊಡಬಹುದು, ಆದ್ರೆ ಅದ್ರಿಂದ ಅಳುಕು ಕಮ್ಮಿ ಆಗಲ್ಲ, ಒಳಗೆ ಏನ್ ನಡೆಯತ್ತೆ ಅನ್ನೋದೂ ಕಣ್ಣಿಗೆ ಕಟ್ಟಲ್ಲ. ಅದಕ್ಕೇ ಒಂದು ಕೇಸನ್ನ ಪೂರ್ತಿ ಬಿಡಿಸಿ ಬರೀತಿದೀನಿ. ಇದು ಒಬ್ಬರದ್ದೇ ಕಥೆ ಅಲ್ಲ, ಇದೇ ಥರದ ತೊಂದ್ರೆ ಇಟ್ಕೊಂಡು ಬಂದ ಕೆಲವ್ರದ್ದನ್ನ ಸೇರಿಸಿ, ಊರು ಕೆಲಸ ಸಂಬಂಧ ಎಲ್ಲಾ ಬದಲಾಯಿಸಿ ಒಬ್ರನ್ನಾಗಿ ಮಾಡಿರೋದು, ಹಾಗಾಗಿ ಇವ್ರು ಯಾರಿರಬಹುದು ಅಂತ ಯೋಚನೆ ಮಾಡೋಕೆ ಹೋಗ್ಬೇಡಿ.

34 ವರ್ಷದ ಹೆಂಗಸು, ಅರಸೀಕೆರೆ ಕಡೆಯವ್ರು, ಬೆಂಗಳೂರಿನ ಬನಶಂಕರಿಯಲ್ಲಿ ಗಂಡ, ಅತ್ತೆ, 5 ವರ್ಷದ ಮಗು ಜೊತೆ ಇರೋರು, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನೀಲಿ ಅಕೌಂಟ್ಸ್ ಕೆಲಸ. ಒಂದಿನ ಸಂಜೆ ಮಳೆ, ಆಫೀಸ್ ಬಿಟ್ಟು ಒಬ್ರೇ ಕಾರ್ ಓಡಿಸ್ಕೊಂಡು ಹೊಸೂರು ರೋಡಿನ ಎಲಿವೇಟೆಡ್ ಫ್ಲೈಓವರ್ ಮೇಲೆ ಬರ್ತಿದ್ರು, ಅದು ಸುಮಾರು 10 ಕಿಲೋಮೀಟರ್ ಉದ್ದ, ಒಂದ್ಸಲ ಹತ್ತಿದ್ರೆ ಯು ಟರ್ನ್ ಇಲ್ಲ, ಅವತ್ತು ಮುಂದೆ ಏನೋ ಆಕ್ಸಿಡೆಂಟ್ ಆಗಿ ಟ್ರಾಫಿಕ್ ಪೂರ್ತಿ ನಿಂತೋಗಿತ್ತು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡ್ಕೊಳ್ಳೋಕೆ ಶುರುವಾಯ್ತು, ಉಸಿರು ಎಳೆದ್ರೂ ಒಳಗೆ ಹೋಗ್ತಿಲ್ಲ ಅನ್ಸಿತು, ಬೆರಳ ತುದಿ, ತುಟಿ ಸುತ್ತ ಜುಮ್ ಅಂತ ಜೋಮು, ಕಣ್ಣು ಮಂಜು, ಆಮೇಲೆ ಒಂದೇ ಯೋಚನೆ, ನಾನು ಇಲ್ಲೇ ಸಾಯ್ತೀನಿ, ಆಂಬ್ಯುಲೆನ್ಸ್ ಕೂಡ ಬರೋಕಾಗಲ್ಲ. ಗಂಡನಿಗೆ ಫೋನ್ ಮಾಡಿ ಹೇಗೋ ಕೆಳಗಿಳಿದು ಆಸ್ಪತ್ರೆಗೆ ಹೋದ್ರು. ಇಸಿಜಿ, ರಕ್ತದಲ್ಲಿ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದ್ಯಾ ಅಂತ ನೋಡೋ ಟೆಸ್ಟ್), ಎಕೋ (ಹೃದಯದ ಸ್ಕ್ಯಾನ್), ಎಲ್ಲಾ ನಾರ್ಮಲ್. ಗ್ಯಾಸ್ ಇರ್ಬೇಕು, ಟೆನ್ಶನ್ ಮಾಡ್ಕೋಬೇಡಿ ಅಂದು ಕಳಿಸಿದ್ರು.

ಅಲ್ಲಿಂದ ಮುಂದಿನ ಕೆಲವು ತಿಂಗಳಲ್ಲಿ ಮತ್ತೆ ಮತ್ತೆ ಬಂತು, ಒಂದ್ಸಲ ಲಿಫ್ಟಲ್ಲಿ, ಒಂದ್ಸಲ ಮಗು ಸ್ಕೂಲ್ ಫಂಕ್ಷನ್ನಲ್ಲಿ, ಒಂದ್ಸಲ ರಾತ್ರಿ ನಿದ್ದೆಯಿಂದ ಎದ್ದೇಳಿಸಿ. ಪ್ರತೀ ಸಲ ಎಮರ್ಜೆನ್ಸಿಗೆ ಓಟ. ಟಿಎಂಟಿ, ಅಂದ್ರೆ ಟ್ರೆಡ್ಮಿಲ್ ಮೇಲೆ ನಡೆಸಿ ಹೃದಯ ನೋಡೋ ಟೆಸ್ಟೂ ಆಯ್ತು, ಅದೂ ಸರಿಯಾಗೇ ಇತ್ತು. ಫ್ಲೈಓವರ್ ಅಂತೂ ಬಿಟ್ಟೇಬಿಟ್ರು, ಕೆಳಗಿನ ರಸ್ತೇಲಿ ಬೊಮ್ಮನಹಳ್ಳಿ, ಕೂಡ್ಲು ಗೇಟ್, ಹೊಸ ರೋಡ್ ಅಂತ ಎಲ್ಲಾ ಜಂಕ್ಷನಲ್ಲೂ ನಿಂತು ನಿಂತು ಹೋಗೋದು, ಆಮೇಲೆ ಅದೂ ಬೇಡ ಅಂತ ಕಾರ್ ಮುಟ್ಟೋದೇ ನಿಲ್ಲಿಸಿದ್ರು, ಗಂಡ ಬಿಟ್ಟು ಕರ್ಕೊಂಡು ಬರೋದು. (ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗೋ ಹಳದಿ ಲೈನ್ ಮೆಟ್ರೋ ಶುರುವಾಗಿದ್ದು 2025ರ ಆಗಸ್ಟಲ್ಲಿ, ಇದು ಅದಕ್ಕೂ ಮುಂಚಿನ ಮಾತು.) ಮನೇಲಿ ಅತ್ತೆ ದೃಷ್ಟಿ ಆಗಿದೆ ಅಂತ ನಿವಾಳಿಸಿ, ಒಂದು ದೇವಸ್ಥಾನದಿಂದ ಮಂತ್ರಿಸಿದ ದಾರ ತಂದು ಕಟ್ಟಿದ್ರು. ಕೊನೆಗೆ ಎಮರ್ಜೆನ್ಸಿಯಲ್ಲಿದ್ದ ಒಬ್ಬ ಡ್ಯೂಟಿ ಡಾಕ್ಟರ್ ಪಕ್ಕದಲ್ಲಿ ಕೂತು, ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ, ನಿಜವಾದ ತೊಂದ್ರೇನೇ, ಇದಕ್ಕೆ ಟ್ರೀಟ್ಮೆಂಟ್ ಇದೆ ಅಂತ ಹೇಳಿದ್ರಂತೆ. ಆ ಡಾಕ್ಟರ್ ಕೊಟ್ಟ ಆ ಐದು ನಿಮಿಷ ಇಲ್ದೇ ಹೋಗಿದ್ರೆ ಇವ್ರು ಇನ್ನೆಷ್ಟು ದಿನ ಅಲೀತಿದ್ರೋ.

ಮೊದಲ ಸೆಷನ್ನಿಗೆ ಮೂರು ಜನ ಬಂದ್ರು, ಅವ್ರು, ಗಂಡ, ಅತ್ತೆ. ನಮ್ಮಲ್ಲಿ ಇದು ತುಂಬಾ ಸಾಮಾನ್ಯ, ಮನೆಯವ್ರನ್ನ ಹೊರಗೆ ಕೂರಿಸಿ ಬಾಗಿಲು ಹಾಕ್ಕೊಳ್ಳೋದು ನನಗೆ ಇಷ್ಟ ಇಲ್ಲ, ಹಾಗಂತ ಅವ್ರನ್ನೇ ಮಾತಾಡೋಕೆ ಬಿಟ್ರೆ ಬಂದವ್ರ ದನಿ ಕೇಳೋದೇ ಇಲ್ಲ. ಮೊದಲ ಹತ್ತು ಹದಿನೈದು ನಿಮಿಷ ಎಲ್ರ ಜೊತೆ ಮಾತಾಡಿ, ಅವ್ರು ಏನ್ ನೋಡಿದಾರೆ, ಅವ್ರಿಗೆ ಏನ್ ಭಯ ಅಂತ ಕೇಳಿ, ಆಮೇಲೆ ಉಳಿದಿದ್ದನ್ನ ಇವ್ರ ಜೊತೆ ಮಾತ್ರ ಅಂತ ಹೇಳ್ತೀನಿ. ಅತ್ತೆ ಹೊರಗೆ ಹೋಗೋಕ್ ಮುಂಚೆ ಕೇಳಿದ್ದು ಒಂದೇ, ನಿಮ್ಹಾನ್ಸಿಗೆ ಕಳಿಸಲ್ಲ ತಾನೆ ಅಂತ. ಅವ್ರ ಕಾಲದಲ್ಲಿ ಅದು ಹುಚ್ಚಾಸ್ಪತ್ರೆ ಅಂತಾನೇ ಊರೆಲ್ಲಾ ಹೆಸರು, 1974ರಲ್ಲಿ ಹಳೇ ಸರ್ಕಾರಿ ಮಾನಸಿಕ ಆಸ್ಪತ್ರೇನೂ ಆಲ್ ಇಂಡಿಯಾ ಇನ್ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತೂ ಸೇರಿ ನಿಮ್ಹಾನ್ಸ್ ಆಗಿದ್ದು, ಇವತ್ತು ಅಲ್ಲಿಗೆ ತಲೆನೋವು, ಮೂರ್ಛೆ, ನಿದ್ದೆ ಬರ್ದೇ ಇರೋದು ಅಂತ ಎಲ್ಲದಕ್ಕೂ ಜನ ಬರ್ತಾರೆ. ಅದನ್ನ ಅವ್ರಿಗೆ ನಿಧಾನಕ್ಕೆ ಹೇಳ್ದೆ, ಬೇಕಾದ್ರೆ ಹೋಗ್ಬೇಕು, ಹೋಗೋದ್ರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ ಅಂತಾನೂ ಹೇಳ್ದೆ.

ಆಮೇಲೆ ಗುಟ್ಟಿನ ವಿಷಯ. ಇದನ್ನ ನಾನು ಫಾರ್ಮ್ ಕೊಟ್ಟು ಸೈನ್ ಹಾಕಿಸ್ಕೊಂಡು ಬಿಡಲ್ಲ, ಬಾಯಲ್ಲೇ ಹೇಳ್ತೀನಿ. ಇಲ್ಲಿ ಹೇಳಿದ್ದು ಗಂಡನಿಗೂ ಹೋಗಲ್ಲ, ಅತ್ತೆಗೂ ಹೋಗಲ್ಲ, ಆಫೀಸಿನವ್ರು ಫೋನ್ ಮಾಡಿದ್ರೆ ನೀವು ಇಲ್ಲಿಗೆ ಬರ್ತೀರಾ ಅನ್ನೋದನ್ನೂ ಹೇಳಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗೌಪ್ಯತೆ ನಿಮ್ಮ ಹಕ್ಕು ಅಂತಾನೇ ಇದೆ. ಕೆಲವು ಕಡೆ ಮಾತ್ರ ಬಾಯಿ ಬಿಡ್ಬೇಕಾಗತ್ತೆ, ನಿಮ್ಮ ಜೀವಕ್ಕೋ ಬೇರೆಯವ್ರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ, ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗ್ತಿದೆ ಅಂತ ಗೊತ್ತಾದ್ರೆ (ಪೋಕ್ಸೋ ಕಾಯ್ದೆ ಪ್ರಕಾರ ಅದನ್ನ ತಿಳಿಸ್ಲೇಬೇಕು), ಇಲ್ಲಾ ಕೋರ್ಟ್ ಆರ್ಡರ್ ಬಂದ್ರೆ. ಆವಾಗ್ಲೂ ಆದಷ್ಟು ಮೊದಲು ನಿಮಗೇ ಹೇಳಿ ಆಮೇಲೆ ಮಾಡ್ತೀನಿ. ಇದನ್ನ ಕೇಳಿದ ಮೇಲೆ ಜನ ಕೂತ್ಕೊಳ್ಳೋ ರೀತಿನೇ ಬದಲಾಗತ್ತೆ, ಇವ್ರೂ ಬ್ಯಾಗನ್ನ ತೊಡೆ ಮೇಲಿಂದ ತೆಗೆದು ಕೆಳಗಿಟ್ರು.

ಆಮೇಲೆ ಅಂದ್ರು, "ಎಲ್ರೂ ಏನೂ ಇಲ್ಲ ಏನೂ ಇಲ್ಲ ಅಂತಾರೆ ಮೇಡಂ. ನೀವೂ ಅದನ್ನೇ ಹೇಳೋದಾದ್ರೆ ನಾನು ಈಗ್ಲೇ ಹೋಗ್ತೀನಿ."

ಏನೂ ಇಲ್ಲ ಅಂತ ನಾನು ಹೇಳಲ್ಲ, ಏನೋ ಇದೆ, ಅದು ಏನು ಅಂತ ಇಬ್ರೂ ಸೇರಿ ನೋಡೋಣ ಅಂದೆ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ನನ್ನ ಕೆಲಸದ ರೀತಿನೇ ಅದು. ಹೊಸದಾಗಿ ಬರೋರಲ್ಲಿ ಎಷ್ಟೋ ಜನ ಅಂದ್ಕೊಂಡಿರ್ತಾರೆ, ಕೌನ್ಸೆಲರ್ ಅಂದ್ರೆ ಧೈರ್ಯ ಹೇಳೋರು, ಬುದ್ಧಿ ಹೇಳೋರು ಅಂತ. ಧೈರ್ಯ ಹೇಳೋಕೆ ಮನೇಲಿ ಜನ ಇದ್ರು, ಅವ್ರೆಲ್ಲಾ ಹೇಳಿ ಹೇಳಿ ಸಾಕಾಗಿ ತಾನೇ ಇಲ್ಲಿಗೆ ಬಂದಿದ್ದು. ಹೊರಗಿಂದ ಹೇಳಿದ ಧೈರ್ಯ ಒಂದು ಗಂಟೆ ಇರತ್ತೆ, ತಾನೇ ನೋಡಿ ಗೊತ್ತು ಮಾಡ್ಕೊಂಡಿದ್ದು ಉಳಿಯತ್ತೆ, ಇವ್ರ ಕೇಸಲ್ಲಿ ಇದು ಎಷ್ಟು ನಿಜ ಅನ್ನೋದು ಮುಂದೆ ಬರತ್ತೆ.

ಫೀಸು, ಸಮಯದ ಮಾತನ್ನೂ ಮೊದಲ ದಿನವೇ ಮುಗಿಸ್ಬೇಕು. ಸೆಷನ್ 50 ನಿಮಿಷ, ವಾರಕ್ಕೊಂದು, ಬರೋಕಾಗಲ್ಲ ಅಂದ್ರೆ ಹಿಂದಿನ ದಿನ ಹೇಳ್ಬೇಕು. ಪ್ಯಾನಿಕ್ಕಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದ್ರೆ ಸಿಬಿಟಿ (ಯೋಚನೆ, ನಡವಳಿಕೆ ಎರಡನ್ನೂ ಬದಲಾಯಿಸೋ ಥೆರಪಿ), ಸಾಮಾನ್ಯವಾಗಿ ಒಟ್ಟು 7ರಿಂದ 14 ಗಂಟೆ ಅಂತ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳತ್ತೆ, ಅದನ್ನ ಒಂದು ಅಂದಾಜಿಗೆ ಹೇಳ್ತೀನಿ, ಗ್ಯಾರಂಟಿ ಅಂತ ಅಲ್ಲ. ನಾನು ಮಾತ್ರೆ ಬರೆಯಲ್ಲ, ಬರೆಯೋ ಅಧಿಕಾರ ನನಗಿಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ. ನನ್ನ ಓದು ಏನು, ಯಾರ ಹತ್ರ ಟ್ರೈನಿಂಗ್ ಆಗಿದೆ, ಯಾರ ಸೂಪರ್ವಿಷನ್ನಲ್ಲಿ ಕೆಲಸ ಮಾಡ್ತೀನಿ ಅನ್ನೋದನ್ನ ಕೇಳಿ ಅಂತ ನಾನೇ ಹೇಳ್ತೀನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನಂಬರ್ ಇದೆಯಾ ಅಂತ ಕೇಳೋದು ತಪ್ಪಲ್ಲ, ಯಾರಾದ್ರೂ ಆ ಪ್ರಶ್ನೆಗೆ ಸಿಟ್ಟು ಮಾಡ್ಕೊಂಡ್ರೆ ಅಲ್ಲಿಂದ ಎದ್ದು ಬನ್ನಿ. ಫೀಸ್ ಕಷ್ಟ ಅನ್ನೋರಿಗೆ ಬೇರೆ ದಾರಿ ಇದಾವೆ, ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರತ್ತೆ, ನಿಮ್ಹಾನ್ಸ್ ಹೊರರೋಗಿ ವಿಭಾಗ ಇದೆ, 2022ರ ಅಕ್ಟೋಬರಲ್ಲಿ ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಯಾವ ಹೊತ್ತಲ್ಲಿ ಫೋನ್ ಮಾಡಿದ್ರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೊದಲ ಎರಡು ಸೆಷನ್ ಹೆಚ್ಚಾಗಿ ಪ್ರಶ್ನೆಗಳೇ, ಇದು ಕೆಲವ್ರಿಗೆ ಬೇಜಾರು ತರಿಸತ್ತೆ, ಟ್ರೀಟ್ಮೆಂಟ್ ಯಾವಾಗ ಶುರು ಅಂತ ಕೇಳ್ತಾರೆ. ನಿದ್ದೆ ಹೇಗಿದೆ, ಊಟ, ಮುಟ್ಟು, ಕಾಫಿ ಎಷ್ಟು, ಕುಡಿಯೋದು, ಸಾಯೋ ಯೋಚನೆ ಬಂದಿದ್ಯಾ (ಇದನ್ನ ಎಲ್ರಿಗೂ ನೇರವಾಗೇ ಕೇಳ್ತೀನಿ, ಕೇಳಿದ್ರೆ ತಲೇಲಿ ಹಾಕಿದ ಹಾಗಾಗತ್ತೆ ಅನ್ನೋದು ಸುಳ್ಳು). ಇವ್ರು ದಿನಕ್ಕೆ ಐದಾರು ಲೋಟ ಫಿಲ್ಟರ್ ಕಾಫಿ ಕುಡೀತಿದ್ರು. ಥೈರಾಯ್ಡ್ ಟೆಸ್ಟ್ ಯಾರೂ ಮಾಡಿಸಿರ್ಲಿಲ್ಲ. ಥೈರಾಯ್ಡ್ ಜಾಸ್ತಿ ಇದ್ರೂ ಎದೆ ಹೀಗೇ ಹೊಡ್ಕೊಳ್ಳತ್ತೆ, ರಕ್ತ ಕಮ್ಮಿ ಇದ್ರೂ ಸುಸ್ತು ದಮ್ಮು ಬರತ್ತೆ, ಅದನ್ನ ನೋಡ್ದೇ ಮನಸ್ಸಿನದ್ದು ಅಂತ ಕೂರೋದು ಸರಿ ಅಲ್ಲ, ಅದಕ್ಕೇ ಟೆಸ್ಟ್ ಮಾಡಿಸಿದ್ವಿ, ಸರಿ ಇತ್ತು. ಆತಂಕದ ಪ್ರಮಾಣಕ್ಕೆ ಜಿಎಡಿ-7 ಅಂತ ಏಳು ಪ್ರಶ್ನೆಯ ಒಂದು ಹಾಳೆ ಇದೆ, ಒಟ್ಟು 21, 15 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ತೀವ್ರ ಅಂತ ಲೆಕ್ಕ, ಇವ್ರದ್ದು ದಾಟಿತ್ತು. ಹಾಗಾಗಿ ಒಬ್ಬ ಸೈಕಿಯಾಟ್ರಿಸ್ಟನ್ನೂ ನೋಡಿ ಅಂದೆ. ಅವ್ರು ಆತಂಕ, ಖಿನ್ನತೆಗೆ ಕೊಡೋ ಎಸ್ಎಸ್ಆರ್ಐ ಅನ್ನೋ ಗುಂಪಿನ ಒಂದು ಮಾತ್ರೆ ಕಮ್ಮಿ ಡೋಸಲ್ಲಿ ಶುರು ಮಾಡಿದ್ರು, ಕೆಲಸ ಮಾಡೋಕೆ ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು ಅಂತ ಮುಂಚೇನೇ ಹೇಳಿದ್ರು, ಅದು ದೊಡ್ಡ ಉಪಕಾರ, ಇಲ್ಲಾಂದ್ರೆ ಮೂರನೇ ದಿನಕ್ಕೆ ನಿಲ್ಲಿಸ್ಬಿಡ್ತಿದ್ರು.

ಮೂರನೇ ಸೆಷನ್ನಲ್ಲಿ ಒಂದು ಬಿಳಿ ಹಾಳೆ ತಗೊಂಡು ಅವ್ರ ಕೈಗೇ ಪೆನ್ ಕೊಟ್ಟೆ. ಕಳೆದ ವಾರ ಲಿಫ್ಟಲ್ಲಿ ಬಂತಲ್ಲ, ಅದನ್ನ ಹೆಜ್ಜೆ ಹೆಜ್ಜೆಯಾಗಿ ಬರೀರಿ, ಮೊಟ್ಟಮೊದಲು ಏನಾಯ್ತು. ಎದೆ ಒಂದ್ಸಲ ಜೋರಾಗಿ ಹೊಡ್ಕೊಂಡ್ತು. ಆಗ ತಲೇಲಿ ಏನ್ ಬಂತು. ಇದು ಹಾರ್ಟ್ ಅಟ್ಯಾಕ್. ಆ ಯೋಚನೆ ಬಂದಾಗ ಮೈಗೆ ಏನಾಯ್ತು. ಭಯ, ಬೆವರು, ಜೋರು ಉಸಿರು. ಉಸಿರು ಜೋರಾದಾಗ. ಜೋಮು, ತಲೆ ಸುತ್ತು. ಜೋಮು ಬಂದಾಗ ಏನ್ ಅಂದ್ಕೊಂಡ್ರಿ. ಪಕ್ಕಾ ಹಾರ್ಟ್ ಅಟ್ಯಾಕ್. ಬರೀತಾ ಬರೀತಾ ಗೆರೆ ತಿರುಗಿ ಮೊದಲಿನ ಜಾಗಕ್ಕೇ ಬಂದು ಒಂದು ಸುತ್ತು ಆಯ್ತು. ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ಯಾನಿಕ್ ಬಗ್ಗೆ ಬರೆದಿದ್ದು ಇದೇ ಸುತ್ತು, ಮೈಯಲ್ಲಾಗೋ ಸಣ್ಣ ಬದಲಾವಣೆಯನ್ನ ದೊಡ್ಡ ಅನಾಹುತ ಅಂತ ಓದ್ಕೊಳ್ಳೋದು, ಆ ಓದಿನಿಂದ ಭಯ, ಭಯದಿಂದ ಮೈಯಲ್ಲಿ ಇನ್ನಷ್ಟು ಬದಲಾವಣೆ. ಮೈಯೊಳಗಿನ ಕಾವಲು ವ್ಯವಸ್ಥೆ ಗಾಳಿಗೆ ಕಿಟಕಿ ಬಡಿದ್ರೂ ಬೊಗಳೋ ನಾಯಿ ಥರ ಆಗಿರತ್ತೆ ಅಂದಾಗ ಅವ್ರು ಆ ಹಾಳೆಯ ಫೋಟೋ ತೆಗೆದ್ಕೊಂಡ್ರು.

ಜೋಮು ಯಾಕೆ ಬರತ್ತೆ ಅನ್ನೋದನ್ನ ಬಿಡಿಸಿ ಹೇಳ್ಲೇಬೇಕು. ಬೇಕಾದ್ದಕ್ಕಿಂತ ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗತ್ತೆ, ಅದ್ರಿಂದ ಬೆರಳು ತುಟಿ ಜುಮ್ ಅನ್ನತ್ತೆ, ಮೆದುಳಿನ ರಕ್ತನಾಳ ಸ್ವಲ್ಪ ಕಿರಿದಾಗಿ ತಲೆ ತಿರುಗಿದ ಹಾಗಾಗತ್ತೆ, ಆದ್ರೆ ಉಸಿರು ಸಾಲ್ತಿಲ್ಲ ಅಂತಾನೇ ಅನ್ಸೋದ್ರಿಂದ ಇನ್ನೂ ಜೋರಾಗಿ ಎಳೀತೀವಿ. ಪ್ರಜ್ಞೆ ತಪ್ಪಿ ಬೀಳ್ತೀನಿ ಅನ್ನೋ ಭಯ ಇವ್ರಿಗೆ ತುಂಬಾ ಇತ್ತು, ಸಾಮಾನ್ಯವಾಗಿ ಜನ ಬೀಳೋದು ಬಿಪಿ ದಿಢೀರ್ ಇಳಿದಾಗ, ಪ್ಯಾನಿಕ್ಕಲ್ಲಿ ಬಿಪಿ ಏರಿರತ್ತೆ. ಅಟ್ಯಾಕ್ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯೋಕೆ ಶುರುವಾಗತ್ತೆ, ಏನೂ ಮಾಡ್ದಿದ್ರೂ. ಇವೆಲ್ಲಾ ಕೇಳಿ ತಲೆ ಆಡಿಸಿದ್ರು, ನಂಬ್ಲಿಲ್ಲ. ಅದು ನಾನು ನಿರೀಕ್ಷೆ ಮಾಡಿದ್ದೇ.

ಹಾಗಾಗಿ ಮುಂದಿನ ಕೆಲಸ ಪ್ರಯೋಗ. ಹೃದಯ ಚೆನ್ನಾಗಿದೆ ಅಂತ ಡಾಕ್ಟರ್ ಬರೆದುಕೊಟ್ಟಿದ್ರು, ಅಸ್ತಮಾ ಇಲ್ಲ, ಫಿಟ್ಸ್ ಇಲ್ಲ, ಗರ್ಭಿಣಿ ಅಲ್ಲ, ಇದನ್ನ ಖಾತ್ರಿ ಮಾಡ್ಕೊಳ್ಳದೇ ಇದನ್ನ ಮಾಡಿಸಬಾರದು, ಓದಿ ಮನೇಲಿ ಒಬ್ರೇ ಟ್ರೈ ಮಾಡ್ಲೂಬಾರದು. ಒಂದು ಸಣ್ಣ ಸ್ಟ್ರಾ ಕೊಟ್ಟೆ, ಮೂಗು ಮುಚ್ಚಿ ಅದ್ರಲ್ಲಿ ಮಾತ್ರ ಉಸಿರಾಡ್ಬೇಕು, ಒಂದು ನಿಮಿಷ. ಶುರು ಮಾಡೋ ಮುಂಚೆ ಏನಾಗಬಹುದು ಅಂತ ಬರೆಸಿದೆ, ಎಚ್ಚರ ತಪ್ತೀನಿ ಅಂತ ಬರೆದ್ರು, ನೂರಕ್ಕೆ ಎಂಬತ್ತು ನಂಬಿಕೆ. ಇಪ್ಪತ್ತು ಸೆಕೆಂಡಿಗೆ ಸ್ಟ್ರಾ ಕಿತ್ತು ಟೇಬಲ್ ಮೇಲಿಟ್ರು, ಮುಖ ಕೆಂಪಾಗಿತ್ತು, ಇದೇ ಇದೇ ಮೇಡಂ ಫ್ಲೈಓವರಲ್ಲಿ ಆಗಿದ್ದು ಅಂದ್ರು. ಸ್ವಲ್ಪ ಹೊತ್ತು ಕೂತು ಮತ್ತೆ. ನಾನೂ ಪಕ್ಕದಲ್ಲಿ ಇನ್ನೊಂದು ಸ್ಟ್ರಾ ಹಿಡ್ಕೊಂಡು ಜೊತೆಗೇ ಮಾಡ್ದೆ, ಕ್ಲೈಂಟಿಗೆ ಮಾಡಿ ಅಂತ ಹೇಳೋದನ್ನ ನಾನು ಮಾಡ್ಬೇಕು ಅನ್ನೋದು ನನ್ನ ಪದ್ಧತಿ. ಮೂರನೇ ಸಲ ಪೂರ್ತಿ ನಿಮಿಷ ಕೂತ್ರು, ಕಣ್ಣಲ್ಲಿ ನೀರು ಬರ್ತಿತ್ತು, ಬೆರಳು ನಡುಗ್ತಿತ್ತು, ಬೀಳ್ಲಿಲ್ಲ. ಆ ಹಾಳೇಲಿ ಎಂಬತ್ತನ್ನ ಹೊಡೆದು ಹಾಕಿ ಮೂವತ್ತು ಅಂತ ಅವ್ರೇ ಬರೆದ್ರು. ನಾನು ಏನೂ ಹೇಳ್ಲಿಲ್ಲ.

ಇದ್ರ ಜೊತೆ ಮನೆಕೆಲಸನೂ ಇರತ್ತೆ, ವಾರದ 168 ಗಂಟೇಲಿ ನನ್ನ ಜೊತೆ ಇರೋದು ಒಂದು ಗಂಟೆನೂ ಇಲ್ಲ, ಉಳಿದಿದ್ದರಲ್ಲೇ ಬದಲಾವಣೆ ಆಗ್ಬೇಕು. ಯಾವತ್ತು, ಎಲ್ಲಿ, ಏನ್ ಅನ್ಸ್ತು, ಏನ್ ಮಾಡಿದೆ ಅಂತ ಒಂದು ಪುಟ್ಟ ಡೈರಿ. ಅದ್ರಲ್ಲಿ ಗೊತ್ತಾಗಿದ್ದು ಅವ್ರ ರಕ್ಷಣೆಯ ಪಟ್ಟಿ: ಬ್ಯಾಗಲ್ಲಿ ನೀರಿನ ಬಾಟ್ಲಿ, ನಾಲಿಗೆ ಕೆಳಗಿಡೋ ಮಾತ್ರೆ, ಬೆರಳಿಗೆ ಹಾಕೋ ಆಕ್ಸಿಮೀಟರ್, ಸ್ಮಾರ್ಟ್ ವಾಚಲ್ಲಿ ಹಾರ್ಟ್ ರೇಟ್ ನೋಡೋದು, ಎಲ್ಲೇ ಹೋದ್ರೂ ಬಾಗಿಲ ಹತ್ರ ಕೂರೋದು, ಗಂಡನಿಗೆ ಮೆಸೇಜ್. ಒಂದೊಂದೂ ನೋಡೋಕೆ ಒಳ್ಳೇದೇ, ಆದ್ರೆ ಇವು ಇರೋವರೆಗೆ ಮನಸ್ಸು ಅಂದ್ಕೊಳ್ಳತ್ತೆ, ಬಾಟ್ಲಿ ಇತ್ತು ಅದಕ್ಕೇ ಬದುಕಿದೆ ಅಂತ. ಒಂದೊಂದಾಗಿ ಬಿಟ್ವಿ. ವಾಚ್ ಬಿಡೋದು ಎಲ್ಲಕ್ಕಿಂತ ಕಷ್ಟ ಆಯ್ತು, ಈ ವಾಚ್ಗಳಿಂದ ಆತಂಕ ಇರೋರಿಗೆ ಆಗ್ತಿರೋ ಹಾನಿ ಬಗ್ಗೆ ನನಗೆ ನಿಜಕ್ಕೂ ಕಳವಳ ಇದೆ. ದಾರ ಬಿಚ್ಚಿಸ್ತೀರಾ ಅಂತ ಅವ್ರೇ ಕೇಳಿದ್ರು. ಇಲ್ಲ ಅಂದೆ. ಅದು ಅತ್ತೆ ಪ್ರೀತಿಯಿಂದ ಕಟ್ಟಿದ್ದು, ಆ ದಾರ ಇಲ್ದೇ ಹೊರಗೆ ಹೋಗಲ್ಲ ಅಂತೇನೂ ಇವ್ರು ಕೂತಿರ್ಲಿಲ್ಲ.

ಇಷ್ಟೆಲ್ಲಾ ಚೆನ್ನಾಗಿ ಹೋಗ್ತಿತ್ತು, ಇದ್ದಕ್ಕಿದ್ದ ಹಾಗೆ ಬರೋದು ನಿಲ್ಲಿಸಿದ್ರು. ಒಂದು ವಾರ ಮಗುಗೆ ಜ್ವರ, ಇನ್ನೊಂದು ವಾರ ಆಡಿಟ್. ಇದು ಥೆರಪೀಲಿ ಆಗೋದೇ, ಒಳಗೆ ಯಾವುದೋ ನೋವಿನ ಹತ್ರ ಬಂದಾಗ ಕಾಲು ಹಿಂದೆ ಸರಿಯತ್ತೆ. ಫೋನ್ ಮಾಡಿ, ಬನ್ನಿ ಅಂತ ಒತ್ತಾಯ ಮಾಡ್ದೇ, ನನ್ನ ಮೇಲೆ ಬೇಜಾರಿದ್ರೆ ಅದನ್ನೂ ಇಲ್ಲಿ ಹೇಳಬಹುದು ಅಂದೆ. ಬಂದ್ರು. ಬಂದು ಸಿಟ್ಟಲ್ಲೇ ಹೇಳಿದ್ರು, ನೀವು ನೀರಿನ ಬಾಟ್ಲಿ ಬಿಡಿ ಅಂತೀರಾ, ನಾಲಿಗೆ ಕೆಳಗಿನ ಆ ಮಾತ್ರೆ ಬಿಡಿ ಅಂತೀರಾ, ನಿಜವಾಗ್ಲೂ ಏನಾದ್ರೂ ಆದ್ರೆ ಯಾರ್ ಜವಾಬ್ದಾರಿ.

"ನಿಜವಾಗ್ಲೂ ಆಗಿದ್ದು ಯಾರಿಗಾದ್ರೂ ನೋಡಿದೀರಾ?" ಅಂತ ಕೇಳ್ದೆ.

ತುಂಬಾ ಹೊತ್ತು ಸುಮ್ನಿದ್ರು. ಮೊದಲ ಸೆಷನ್ನಲ್ಲೇ ಅಪ್ಪ ಹಾರ್ಟ್ ಅಟ್ಯಾಕಲ್ಲಿ ಹೋಗಿದ್ದಾರೆ ಅಂತ ಹೇಳಿದ್ರು, ಒಂದೇ ಸಾಲಲ್ಲಿ, ಹೇಳಿ ಮುಂದೆ ಹೋಗಿದ್ರು, ನಾನೂ ಅವತ್ತು ಕೆದಕದೇ ಗುರುತು ಮಾತ್ರ ಹಾಕ್ಕೊಂಡಿದ್ದೆ. ಈಗ ಬಿಡಿಸಿ ಹೇಳಿದ್ರು. ಫ್ಲೈಓವರ್ ಘಟನೆಗೆ ಒಂದು ವರ್ಷ ಮುಂಚೆ, ರಾತ್ರಿ ಊಟ ಆದ್ಮೇಲೆ ಅಪ್ಪ ಅರಸೀಕೆರೆಯಿಂದ ಫೋನ್ ಮಾಡಿ ಎದೆ ಉರಿ ಮಗಳೇ ಅಂದ್ರಂತೆ. ಇವ್ರು ಮಗು ಮಲಗಿಸ್ತಾ ಇದ್ರು. ಏನೂ ಇಲ್ಲಪ್ಪ, ಗ್ಯಾಸ್ ಇರ್ಬೇಕು, ಸ್ವಲ್ಪ ಸೋಡಾ ಕುಡಿದು ಮಲ್ಕೋ, ಬೆಳಿಗ್ಗೆ ಮಾತಾಡ್ತೀನಿ ಅಂತ ಇಟ್ರಂತೆ. ಬೆಳಗಿನ ಜಾವ ಅಮ್ಮನ ಫೋನ್ ಬಂತು.

ಏನೂ ಇಲ್ಲ, ಗ್ಯಾಸ್ ಇರ್ಬೇಕು. ಪ್ರತೀ ಎಮರ್ಜೆನ್ಸೀಲಿ ಅವ್ರಿಗೆ ಹೇಳಿದ್ದು ಇದೇ ಮಾತು. ಬೇರೆ ಯಾರಿಗೋ ಸಮಾಧಾನ ಆಗೋ ಮಾತು ಇವ್ರಿಗೆ ಸಾವಿನ ಹಿಂದಿನ ರಾತ್ರಿಯ ಮಾತಾಗಿತ್ತು, ರಿಪೋರ್ಟ್ ಎಷ್ಟು ಚೆನ್ನಾಗಿ ಬಂದಷ್ಟೂ ಭಯ ಯಾಕೆ ಜಾಸ್ತಿ ಆಗ್ತಿತ್ತು ಅನ್ನೋದು ಅವತ್ತು ಇಬ್ರಿಗೂ ಒಟ್ಟಿಗೆ ಕಾಣಿಸ್ತು. ಇದಕ್ಕೇ ನಾನು ಪದೇ ಪದೇ ಹೇಳೋದು, ಧೈರ್ಯ ಹೇಳೋ ಮುಂಚೆ ಕೇಳಿಸ್ಕೊಳ್ಳಿ ಅಂತ. ಕಾರ್ಲ್ ರೋಜರ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1957ರಲ್ಲೇ ಬರೆದ್ರು, ಥೆರಪಿಸ್ಟ್ ಎದುರಿಗಿರೋರನ್ನ ಅವ್ರ ಒಳಗಿಂದ ಅರ್ಥ ಮಾಡ್ಕೊಳ್ಳೋದು, ಷರತ್ತಿಲ್ದೇ ಒಪ್ಕೊಳ್ಳೋದು, ತಾನು ನಿಜವಾಗಿರೋದು, ಇವು ಇಲ್ದೇ ಬದಲಾವಣೆ ಆಗಲ್ಲ ಅಂತ. ಸ್ಟ್ರಾ, ಡೈರಿ, ಸ್ಕೋರ್ ಎಲ್ಲಾ ನಾನು ನಂಬಿ ಬಳಸ್ತೀನಿ, ಆದ್ರೆ ಈ ರಾತ್ರಿಯ ಕಥೆ ಯಾವ ಹಾಳೆಯಲ್ಲೂ ಬರ್ತಿರ್ಲಿಲ್ಲ, ಸಿಟ್ಟು ಮಾಡ್ಕೊಳ್ಳೋಕೆ ಜಾಗ ಸಿಕ್ಕಿದ್ದಕ್ಕೆ ಬಂತು.

ಮುಂದಿನ ಕೆಲವು ಸೆಷನ್ ಪ್ಯಾನಿಕ್ ಪಕ್ಕಕ್ಕಿಟ್ಟು ಅಪ್ಪನ ಬಗ್ಗೆ. ನಿಮ್ಮ ತಪ್ಪಿಲ್ಲ ಅಂತ ನಾನು ಹೇಳ್ಲಿಲ್ಲ, ಅದನ್ನೂ ಎಲ್ರೂ ಹೇಳಿದ್ರು. ಒಂದು ಹಾಳೆ ಮಧ್ಯ ಗೆರೆ ಎಳೆದು, ಒಂದು ಕಡೆ ಆ ರಾತ್ರಿ ಒಂಬತ್ತೂವರೆಗೆ ನಿಮಗೆ ಗೊತ್ತಿದ್ದುದು ಏನು, ಇನ್ನೊಂದು ಕಡೆ ಬೆಳಿಗ್ಗೆ ಆದ್ಮೇಲೆ ಗೊತ್ತಾಗಿದ್ದು ಏನು ಅಂತ ಬರೆಯೋಕೆ ಹೇಳ್ದೆ. ಎಡಗಡೆ: ಅಪ್ಪನಿಗೆ ವರ್ಷಗಳಿಂದ ಗ್ಯಾಸ್ಟ್ರಿಕ್, ತಿಂಗಳಿಗೆ ಎರಡ್ಮೂರು ಸಲ ಹೀಗೇ ಫೋನ್ ಮಾಡ್ತಿದ್ರು, ಅವತ್ತು ಮಧ್ಯಾಹ್ನ ಮದುವೆ ಊಟ, ಬೆವರು ಬಂದಿದ್ದನ್ನ ಹೇಳ್ಲಿಲ್ಲ. ಬಲಗಡೆ: ಬೆವರಿದ್ರು, ಎಡಗೈ ನೋಯ್ತಿತ್ತು, ಅಮ್ಮನಿಗೂ ಹೇಳಿರ್ಲಿಲ್ಲ. ಬಲಗಡೆ ಇರೋದನ್ನ ಹಿಡ್ಕೊಂಡು ಎಡಗಡೆ ಇದ್ದ ನನಗೆ ನಾನೇ ಶಿಕ್ಷೆ ಕೊಡ್ತಿದೀನಿ ಅಂತ ಅವ್ರೇ ಓದಿ ಹೇಳಿದ್ರು, ಆಮೇಲೆ ಬಹಳ ಅತ್ರು. ಅಪ್ಪ ಹೋದಾಗ ಕ್ರಿಯಾಕರ್ಮ, ಅಮ್ಮನನ್ನ ನೋಡ್ಕೊಳ್ಳೋದು, ಆಫೀಸ್ ಅಂತ ಓಡಾಟದಲ್ಲಿ ಅಳೋಕೆ ಅಂತ ಸಮಯಾನೇ ಇರ್ಲಿಲ್ಲ.

ಗಂಡ, ಅತ್ತೆ ಇಬ್ರನ್ನೂ ಕೂರಿಸಿ ಒಂದು ಸೆಷನ್ ಮಾಡಿದ್ವಿ, ಇವ್ರ ಒಪ್ಪಿಗೆ ತಗೊಂಡು, ಏನ್ ಹೇಳ್ಬೇಕು ಏನ್ ಹೇಳ್ಬಾರದು ಅಂತ ಮುಂಚೇನೇ ಮಾತಾಡ್ಕೊಂಡು. ಪ್ಯಾನಿಕ್ ಅಟ್ಯಾಕ್ ಬಂದಾಗ ಆಸ್ಪತ್ರೆಗೆ ಓಡಿಸೋದು ಬೇಡ, ನೀರು ಗಾಳಿ ಅಂತ ಗಲಾಟೆ ಬೇಡ, ಏನೂ ಇಲ್ಲ ಅನ್ನೋದಂತೂ ಬೇಡವೇ ಬೇಡ, ಪಕ್ಕದಲ್ಲಿ ಕೂತು "ಬಂದಿದೆ, ಹೋಗತ್ತೆ, ನಾನಿದೀನಿ" ಅಂದ್ರೆ ಸಾಕು. ಅದ್ರ ಜೊತೆ, ಮಾಮೂಲಿಗಿಂತ ಬೇರೆ ಥರದ ನೋವು, ಶ್ರಮ ಪಟ್ಟಾಗ ಬರೋ ಎದೆನೋವು, ಎಚ್ಚರ ತಪ್ಪೋದು ಆದ್ರೆ ಖಂಡಿತ ಆಸ್ಪತ್ರೆಗೆ ಅಂತಾನೂ ಬರೆದು ಕೊಟ್ಟೆ, ಯಾಕಂದ್ರೆ ಪ್ಯಾನಿಕ್ ಇರೋರಿಗೆ ಹೃದಯದ ಕಾಯಿಲೆ ಬರೋದೇ ಇಲ್ಲ ಅಂತೇನಿಲ್ಲ. ಅತ್ತೆ ಇಡೀ ಸೆಷನ್ನಲ್ಲಿ ಒಂದೇ ಮಾತು ಆಡಿದ್ದು, ನನಗೂ ಮೊದಲ ಹೆರಿಗೆ ಆದ್ಮೇಲೆ ಹಿಂಗೇ ಆಗ್ತಿತ್ತು, ಯಾರ್ಗೂ ಹೇಳಿರ್ಲಿಲ್ಲ ಅಂತ. ಸೊಸೆ ಅವ್ರ ಕಡೆ ತಿರುಗಿ ನೋಡಿದ್ದನ್ನ ನಾನು ಮರೆಯಲ್ಲ.

ಕೊನೇ ಹಂತ ಫ್ಲೈಓವರ್. ಹತ್ತು ಮೆಟ್ಟಿಲಿನ ಏಣಿ ಬರೆದಿದ್ವಿ, ಕೆಳಗಿನ ಮೆಟ್ಟಿಲು ಮನೆ ಸುತ್ತ ಕಾರ್ ಓಡಿಸೋದು, ಮಧ್ಯದಲ್ಲಿ ಭಾನುವಾರ ಬೆಳಿಗ್ಗೆ ಖಾಲಿ ಫ್ಲೈಓವರಲ್ಲಿ ಗಂಡ ಓಡಿಸೋವಾಗ ಪಕ್ಕ ಕೂರೋದು, ಆಮೇಲೆ ತಾವೇ ಓಡಿಸೋದು ಗಂಡ ಪಕ್ಕದಲ್ಲಿ, ಆಮೇಲೆ ಗಂಡ ಹಿಂದಿನ ಕಾರಲ್ಲಿ, ತುದಿಯಲ್ಲಿ ಸಂಜೆ ಟ್ರಾಫಿಕ್ಕಲ್ಲಿ ಒಬ್ರೇ. ಕ್ಲೈಂಟ್ ತಯಾರಿಲ್ದೇ ಯಾವ ಮೆಟ್ಟಿಲೂ ಇಲ್ಲ, ಆದ್ರೆ ಭಯ ಪೂರ್ತಿ ಹೋದ್ಮೇಲೆ ಹತ್ತೋಣ ಅಂದ್ರೆ ಯಾವತ್ತೂ ಹತ್ತೋಕಾಗಲ್ಲ, ಭಯ ಇಟ್ಕೊಂಡೇ ಹತ್ತಬೇಕು. ಒಂದು ಮೆಟ್ಟಿಲಲ್ಲಿ ಎರಡು ವಾರ ನಿಂತ್ರು, ಪರವಾಗಿಲ್ಲ. ಒಬ್ರೇ ಹೋದ ಸಂಜೆ ಟೋಲ್ ದಾಟಿದ ಸ್ವಲ್ಪ ಹೊತ್ತಿಗೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತಂತೆ, ರೇಡಿಯೋ ಆಫ್ ಮಾಡಿ, ಗಾಜು ಇಳಿಸದೇ, ಬಾ ನೋಡೋಣ ಅಂತ ಗಟ್ಟಿಯಾಗಿ ಹೇಳ್ಕೊಂಡು ಎಡಗಡೆ ಲೇನಲ್ಲಿ ನಿಧಾನಕ್ಕೆ ಓಡಿಸಿದ್ರಂತೆ, ಬೊಮ್ಮನಹಳ್ಳಿ ಹತ್ರ ಇಳಿಯೋ ಹೊತ್ತಿಗೆ ಹಸಿವಾಗಿತ್ತಂತೆ. ಆ ಹಸಿವಿನ ವಿಷಯ ಹೇಳುವಾಗ ಅವ್ರ ಮುಖದಲ್ಲಿ ಇದ್ದ ಖುಷಿ ನೋಡ್ಬೇಕಿತ್ತು.

ಒಟ್ಟು ಐದಾರು ತಿಂಗಳು ಆಯ್ತು, ಅಪ್ಪನ ವಿಷಯ ಸೇರ್ಕೊಂಡಿದ್ರಿಂದ ಮೊದಲ ದಿನ ಹೇಳಿದ ಅಂದಾಜಿಗಿಂತ ಜಾಸ್ತಿನೇ. ಕೊನೇ ಕೆಲವು ಸೆಷನ್ ಎರಡು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಮಾಡಿದ್ವಿ. ಕಾಫಿ ಎರಡು ಲೋಟಕ್ಕೆ ಇಳೀತು. ಜಿಎಡಿ-7 ಐದರ ಕೆಳಗೆ ಬಂತು. ಮುಗಿಸೋ ಮುಂಚೆ ಮತ್ತೆ ಬಂದ್ರೆ ಏನ್ ಮಾಡ್ಬೇಕು ಅಂತ ಒಂದು ಪುಟ ಅವ್ರದ್ದೇ ಕೈಬರಹದಲ್ಲಿ ಬರೆಸಿದೆ, ಬರಬಹುದು ಅಂತಾನೂ ಹೇಳ್ದೆ, ನಿದ್ದೆಗೆಟ್ಟಾಗ, ಕಾಯಿಲೆ ಬಿದ್ದಾಗ, ಅಪ್ಪನ ತಿಥಿ ಹತ್ರ ಬಂದಾಗ. ತಿಥಿಗೆ ಅರಸೀಕೆರೆಗೆ ಹೋದಾಗ ಹಿಂದಿನ ರಾತ್ರಿ ಒಂದ್ಸಲ ಬಂತಂತೆ, ಅಮ್ಮನ ಪಕ್ಕ ಕೂತು ಕಳೆದ್ರಂತೆ, ಬೆಳಿಗ್ಗೆ ಕೆಲಸಗಳೆಲ್ಲಾ ಮಾಡಿದ್ರಂತೆ. ಮಾತ್ರೆ ತಾವಾಗಿ ನಿಲ್ಲಿಸ್ಬೇಡಿ ಅಂತ ಸೈಕಿಯಾಟ್ರಿಸ್ಟ್ ಹೇಳಿದಾರೆ, ಈಗ ಅವ್ರ ಉಸ್ತುವಾರೀಲೇ ಡೋಸ್ ನಿಧಾನಕ್ಕೆ ಇಳಿಸ್ತಿದಾರೆ, ಅದು ಮುಗಿಯೋವರೆಗೆ ನನ್ನ ಹತ್ರ ಮೂರು ತಿಂಗಳಿಗೊಮ್ಮೆ ಬರ್ತಾರೆ, ಮುಂದಿನದ್ದು ದೀಪಾವಳಿ ಆದ್ಮೇಲೆ.